ಈವಾನ್ ಸದರ್ಲೆಂಡರೂ ವಿದ್ಯಾವಿಕ್ರಯವೂ

ವಿದ್ಯೆಯನ್ನು ವಿಕ್ರಯಿಸುವುದು ದೋಷವೆಂದು ನಮ್ಮ ಪ್ರಾಚೀನರು ಹೇಳಿರುವರು. ವಿದ್ಯೆಯಿಂದ ಧನವನ್ನು ಗಳಿಸಿದವರೆಲ್ಲರೂ ಈ ದೋಷಕ್ಕೆ ಭಾಗಿಗಳೇ? ಅಮೆರಿಕಾದ ಗಣಕಶಾಸ್ತ್ರಜ್ಞರಾದ ಈವಾನ್ ಸದರ್ಲೆಂಡರ ಚರಿತ್ರೆಯು ಈ ವಿಷಯದಲ್ಲಿ ವಿಚಾರಾರ್ಹವಾದುದು.

1938ರಲ್ಲಿ ಜನಿಸಿದ ಇವರು 1963ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯಕ್ಕೆ ‘ಸ್ಕೆಚ್‌ಪ್ಯಾಡ್’ ಎಂಬ ಪ್ರಬಂಧವನ್ನು ಸಮರ್ಪಿಸಿದರು. ಬೆಳಕಿನ ಲೇಖನಿಯಿಂದ ಗಣಕದ ಪರದೆಯ ಮೇಲೆ ರೇಖೆಗಳನ್ನೆಳೆದು ತಿದ್ದುವ ಕ್ರಮವನ್ನು ಅದು ಲೋಕಕ್ಕೆ ತೋರಿಸಿತು. 1968ರಲ್ಲಿ ಡೇವಿಡ್ ಇವಾನ್ಸರೊಡಗೂಡಿ ಸಾಲ್ಟ್ ಲೇಕ್ ನಗರದಲ್ಲಿ ಉದ್ಯಮವೊಂದನ್ನು ಸ್ಥಾಪಿಸಿದರು. ವಿಮಾನ ನಡೆಸಲು ಕಲಿಯುವವರಿಗೆ ಆಕಾಶ ಭೂಮಿಗಳ ಕೃತಕ ದೃಶ್ಯವನ್ನು ಒದಗಿಸುವ ಯಂತ್ರಗಳು ಅಲ್ಲಿ ನಿರ್ಮಿತವಾದುವು. ಉದ್ಯಮಿಯಾದರೂ ಇವರು ಯೂಟಾ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುವುದನ್ನು ಬಿಡಲಿಲ್ಲ. ಮುಂದೆ ಪಿಕ್ಸಾರ್ ಚಿತ್ರಸಂಸ್ಥೆಯನ್ನು ಸ್ಥಾಪಿಸಿದವರಲ್ಲೊಬ್ಬರಾದ ಎಡ್ವಿನ್ ಕ್ಯಾಟ್ಮಲ್ಲರು ಅಲ್ಲಿ ಇವರ ಶಿಷ್ಯರು.

1976ರಲ್ಲಿ ಸದರ್ಲೆಂಡರು ಕ್ಯಾಲಿಫೋರ್ನಿಯಾ ತಾಂತ್ರಿಕ ವಿದ್ಯಾಲಯದ ಗಣಕಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. 1980ರಲ್ಲಿ ರಾಬರ್ಟ್ ಸ್ಪ್ರೌಲರೊಡನೆ ಉದ್ಯಮಗಳಿಗೆ ಸಲಹೆ ನೀಡುವ ಸಂಸ್ಥೆಯನ್ನು ಕಟ್ಟಿದರು. 1990ರಲ್ಲಿ ಸನ್ ಸಂಸ್ಥೆಯು ಅದನ್ನು ಕೊಂಡುಕೊಂಡಿತು. 2009ರಲ್ಲಿ, ಎಪ್ಪತ್ತು ವರ್ಷ ತುಂಬಿದ ಮೇಲೂ, ಪೋರ್ಟ್‌ಲೆಂಡ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆಯನ್ನು ಕೈಕೊಂಡರು.

ವಿದ್ಯೆಯಿಂದ ಜೀವನ ನಡೆಸಿಯೂ ಅದನ್ನು ಶಿಷ್ಯರಿಗೆ ಧಾರೆಯೆರೆದವರನ್ನು ವಿದ್ಯಾವಿಕ್ರಯಿಗಳೆಂದು ಕರೆಯುವುದು ನ್ಯಾಯವಲ್ಲ. ಧನಾಶೆಯಿಂದ ಶಿಷ್ಯನಿಗೆ ವಿದ್ಯೆಯನ್ನು ಮುಚ್ಚಿಟ್ಟವನಿಗೇ ಆ ಹೆಸರು ಸಲ್ಲತಕ್ಕದ್ದು.