ಮಣಲೇರ ಕೇಳಿದ್ದು ಒಂದು ನಾಯಿ

ನಾಯಿಯ ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸಿದ ಸುದ್ದಿ ಹಾಕಿದಾಗಲೆಲ್ಲ ನಮ್ಮ ಚಾನೆಲ್ಲಿಗೆ ಒಂದೇ ಥರದ ಫೋನುಗಳು ಬರ್ತವೆ. "ಏನ್ ಸಾರ್ ಇದು, ನಾಯಿಗೆ ಸ್ವೆಟರ್ ಅಂತೆ, ಬರ್ತ್‌ಡೇ ಅಂತೆ, ಅದಕ್ಕೆ ಇವರೇ ಮಮ್ಮಿ ಡ್ಯಾಡಿ ಅಂತೆ! ಹೆತ್ತ ತಾಯಿ ವೃದ್ಧಾಶ್ರಮದಲ್ಲಿ, ನಾಯಿ ಏಸಿ ರೂಮಲ್ಲಿ. ಎಲ್ಲಾ ಫಾರಿನ್ನಿಂದ ಬಂದ ಹುಚ್ಚು." ಅದರ ಬೆನ್ನಿಗೇ ಇನ್ನೊಂದು ಫೋನು. "ನಮ್ಮನೆ ಸೋನು ನನಗೆ ಮಗನೇ ಸಾರ್. ಅವನನ್ನ ನಾಯಿ ಅನ್ಬೇಡಿ."

ಇಬ್ಬರಿಗೂ ನನ್ನ ಹತ್ತಿರ ಒಂದು ಕಥೆ ಇದೆ. ಕಥೆ ಅಂದೆ, ಆದರೆ ಇದು ಕಲ್ಲಿನ ಮೇಲೆ ಕೆತ್ತಿರುವ ಮಾತು. ಸಾವಿರದ ಎಪ್ಪತ್ತಕ್ಕೂ ಹೆಚ್ಚು ವರ್ಷ ಹಳೆಯದು. ಫಾರಿನ್ನಿನದಲ್ಲ, ಮಂಡ್ಯದ್ದು.

ಕ್ರಿ.ಶ. 949. ಇವತ್ತಿನ ತಮಿಳುನಾಡಿನಲ್ಲಿ, ಅರಕ್ಕೋಣಂ ಪಕ್ಕದ ತಕ್ಕೋಲಂನಲ್ಲಿ ಒಂದು ಭಾರೀ ಯುದ್ಧ. ಒಂದು ಕಡೆ ರಾಷ್ಟ್ರಕೂಟರ ಮೂರನೆಯ ಕೃಷ್ಣ, ಶಾಸನಗಳು ಕನ್ನರದೇವ ಅಂತ ಕರೆಯುವ ದೊರೆ. ಅವನ ಜೊತೆ ನಮ್ಮ ತಲಕಾಡಿನ ಗಂಗರ ಇಮ್ಮಡಿ ಬೂತುಗ. ಎದುರಿಗೆ ಚೋಳರು, ಅವರ ಮುಂದಾಳು ಯುವರಾಜ ರಾಜಾದಿತ್ಯ. ಆನೆಯ ಮೇಲೆ ಕುಳಿತು ಕಾದುತ್ತಿದ್ದ ರಾಜಾದಿತ್ಯನನ್ನು ಬೂತುಗ ಕೊಂದ. ಚೋಳರ ಸೈನ್ಯ ಚೆಲ್ಲಾಪಿಲ್ಲಿಯಾಯಿತು. ಕನ್ನರದೇವ ಹಿಗ್ಗಿಹೋದ. ಬೂತುಗನಿಗೆ ಬನವಾಸಿ 12,000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಅಂತ ನಾಡಿಗೆ ನಾಡೇ ಬರೆದುಕೊಟ್ಟ. ಇವತ್ತಿನ ಲೆಕ್ಕದಲ್ಲಿ ಹೇಳೋದಾದರೆ ಜಿಲ್ಲೆಗಳನ್ನೇ ಇನಾಮು ಕೊಟ್ಟ ಹಾಗೆ.

ಈಗ ಕಥೆಯ ನಾಯಕ ಬರ್ತಾನೆ. ಬೂತುಗನ ಕಡೆಯ ಒಬ್ಬ ಯೋಧ, ಹೆಸರು ಮಣಲೇರ. ಅವನೂ ಅದೇ ಯುದ್ಧದಲ್ಲಿ ಪ್ರಾಣದ ಹಂಗು ತೊರೆದು ಹೊಡೆದಾಡಿದವನು. ಒಡೆಯ ಮೆಚ್ಚಿ, ಏನು ಬೇಕೋ ಕೇಳು ಅಂದ. ಸ್ವಲ್ಪ ಯೋಚಿಸಿ ನೋಡಿ. ಗೆದ್ದ ಮತ್ತಿನಲ್ಲಿರುವ ರಾಜ, ಕೈ ಬಿಚ್ಚಿ ಕೊಡುವ ಹೊತ್ತು. ಪಕ್ಕದವನಿಗೆ ಬನವಾಸಿ ಸಿಕ್ಕಿದೆ. ಊರು ಕೇಳಬಹುದು, ಹೊನ್ನು ಕೇಳಬಹುದು. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅಷ್ಟೇ. ಅದನ್ನು ಪಡೆದುಕೊಂಡ, ಊರಿಗೆ ಕರೆತಂದ.

ಆಮೇಲೆ ಕೆಳಲೆನಾಡಿನಲ್ಲಿ, ಬೆಳತೂರಿನ ಪಡುವಲ ದಿಕ್ಕಿನ ಮೊರಡಿಯಲ್ಲಿ, ಅಂದರೆ ಕಲ್ಲುದಿಬ್ಬದಲ್ಲಿ, ಒಂದು ದೊಡ್ಡ ಕಾಡುಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಬೇಟೆ ಅಂದರೆ ಹುಡುಗಾಟ ಅಲ್ಲ. ಕೋರೆ ಬೀಸಿದರೆ ನಾಯಿಯ ಹೊಟ್ಟೆ ಸೀಳಿಹೋಗುತ್ತೆ. ಕಾಳಿ ಹಿಡಿತ ಬಿಡಲಿಲ್ಲ. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು.

ಮಣಲೇರ ಏನು ಮಾಡಿದ? ಆತಕೂರಿನಲ್ಲಿ, ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದ. ನಾಯಿಯೂ ಹಂದಿಯೂ ಕಾದಾಡುತ್ತಿರುವ ಚಿತ್ರ ಕೆತ್ತಿಸಿದ. ಅದರ ಜೊತೆಗೇ ತಕ್ಕೋಲಂ ಯುದ್ಧದ ವಿವರ, ಕನ್ನರದೇವ, ಬೂತುಗ, ರಾಜಾದಿತ್ಯ ಎಲ್ಲರ ಹೆಸರು. ಕಾಲ ಶಕವರ್ಷ 872. ಊರಿನ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನೂ ಬಿಡಲಾಯಿತು. ಕೆರೆಯ ಕೆಳಗಿನ ಭೂಮಿ ಅಂದರೆ ನೀರಾವರಿ ಗದ್ದೆ, ಮಂಡ್ಯದವರಿಗೆ ಅದರ ಬೆಲೆ ನಾನು ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ಒಂದು ಎಚ್ಚರಿಕೆ: ಈ ಭೂಮಿಯನ್ನು ಹಾಳುಮಾಡಿದವನು ಆ ನಾಯಿ ಮಾಡಿದ ಪಾಪವನ್ನು ಹೊರುತ್ತಾನೆ. ದೇವಸ್ಥಾನ ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೂ ಅದೇ ಪಾಪ.

ಒಂದು ನಾಯಿಗೆ ದಿನಾ ಪೂಜೆ. ಪೂಜೆ ಆಗದೆ ಪೂಜಾರಿಗೆ ಊಟ ಇಲ್ಲ. ಈಗ ಹೇಳಿ, ಬರ್ತ್‌ಡೇ ಕೇಕು ಯಾವ ಲೆಕ್ಕ?

ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ಮಣಲೇರ ಕಾಳಿಯನ್ನು ಮಗು ಅನ್ನಲಿಲ್ಲ. ಅವಳಿಗೆ ನಿಲ್ಲಿಸಿದ್ದು ವೀರಗಲ್ಲು. ನಮ್ಮ ನಾಡಿನಲ್ಲಿ ತುರು ಕಾಯುತ್ತ ಸತ್ತವರಿಗೆ, ಊರು ಉಳಿಸಲು ಸತ್ತವರಿಗೆ ನಿಲ್ಲಿಸುತ್ತಿದ್ದ ಅದೇ ಕಲ್ಲು. ಅಂದರೆ ಅವಳು ಅವನ ಪಾಲಿಗೆ ಜೊತೆಗಾರ ಯೋಧ. ಬೇಟೆನಾಯಿ ಬೇಟೆನಾಯಿಯಾಗಿಯೇ ಬದುಕಿತು, ಹಾಗೆಯೇ ಸತ್ತಿತು, ಅದಕ್ಕೆ ಸಲ್ಲಬೇಕಾದ ಗೌರವ ಸಂದಿತು. "ನಾಯಿ ಮಾಡಿದ ಪಾಪ" ಅನ್ನುವ ಮಾತನ್ನೂ ಅವರು ಅಳಿಸಲಿಲ್ಲ ನೋಡಿ. ಕೊಲ್ಲುವುದು ಕಾಳಿಯ ಕೆಲಸ ಅಂತ ಗೊತ್ತಿತ್ತು, ಅದರಲ್ಲಿ ಪಾಪವೂ ಇದೆ ಅಂತಲೂ ಗೊತ್ತಿತ್ತು. ನನ್ನ ಓದು ಇದು. ಅದನ್ನು ಎದೆಗವಚಿಕೊಂಡು ಮನುಷ್ಯ ಮಾಡಲು ಹೋಗಲಿಲ್ಲ.

ತಮಿಳುನಾಡಿನ ಎಡುತ್ತನೂರಿನಲ್ಲಿ ಇದಕ್ಕಿಂತಲೂ ಹಳೆಯ ಕಲ್ಲಿದೆ, ಪಲ್ಲವರ ಮಹೇಂದ್ರವರ್ಮನ ಕಾಲದ್ದು. ದನಗಳ್ಳರ ವಿರುದ್ಧ ಕಾದಿ ಸತ್ತ ಒಬ್ಬ ವೀರ, ಪಕ್ಕದಲ್ಲಿ ಅವನ ನಾಯಿ. ಕೋವಿವನ್ ಅಂತ ಅದರ ಹೆಸರನ್ನೂ ಬರೆದಿದ್ದಾರೆ. ಇಬ್ಬರು ಕಳ್ಳರನ್ನು ಕಚ್ಚಿತ್ತಂತೆ.

ಹಾಗಾದರೆ ಪ್ರಾಣಿಯನ್ನು ನಿಜವಾಗಿಯೂ ಮಕ್ಕಳಿಗಿಂತ ಹೆಚ್ಚು ಮಾಡಿಕೊಂಡವರು ಯಾರೂ ಇರಲಿಲ್ಲವೇ? ಇದ್ದರು. ರೋಮಿನ ಕಲಿಗುಲನ ಕುದುರೆ ಇನ್ಸಿಟಾಟಸ್‌ಗೆ ಅಮೃತಶಿಲೆಯ ಲಾಯ, ದಂತದ ಗೋದಲೆ, ಆಳುಕಾಳು ಸಮೇತ ಒಂದು ಮನೆ ಇತ್ತು ಅಂತ ಸ್ಯೂಟೋನಿಯಸ್ ಬರೆದಿದ್ದಾನೆ. ಅದನ್ನು ಕಾನ್ಸಲ್ ಮಾಡೇಬಿಟ್ಟ ಅಂತ ನಮ್ಮ ಟಿವಿಯವರು ಹೇಳ್ತೀವಲ್ಲ, ಅದು ಉಪ್ಪುಖಾರ. ಮಾಡಬೇಕು ಅಂತಿದ್ದ ಎನ್ನುವುದಷ್ಟೇ ಆ ಕಾಲದ ಗುಸುಗುಸು. ಪ್ರಶ್ಯದ ಫ್ರೆಡರಿಕ್ ದೊರೆ, ಸತ್ತರೆ ನನ್ನ ನಾಯಿಗಳ ಪಕ್ಕ ಹೂಳಿ ಅಂದಿದ್ದ. 1786ರಲ್ಲಿ ಸತ್ತ. ಆ ಆಸೆ ಈಡೇರಿದ್ದು 1991ರಲ್ಲಿ!

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಹೆಸರುವಾಸಿ ಜುನಾಗಢದ ನವಾಬ ಮೂರನೆಯ ಮಹಾಬತ್ ಖಾನ್. ನೂರಾರು ನಾಯಿಗಳು, ಅವಕ್ಕೆ ಆಳುಗಳು. ರೋಷನಾರಾ ಎಂಬ ಹೆಣ್ಣುನಾಯಿಗೂ ಬಾಬಿ ಎಂಬ ಗಂಡುನಾಯಿಗೂ ಧಾಂಧೂಂ ಮದುವೆ ಮಾಡಿಸಿದ ಕಥೆ ಇವತ್ತಿಗೂ ಪ್ರಸಿದ್ಧ. 1947ರಲ್ಲಿ ಈ ನವಾಬ ತನ್ನ ಸಂಸ್ಥಾನವನ್ನು ಪಾಕಿಸ್ತಾನಕ್ಕೆ ಸೇರಿಸಿದ. ಜನ ತಿರುಗಿಬಿದ್ದರು. ಅಕ್ಟೋಬರ್ ಕೊನೆಯಲ್ಲಿ ವಿಮಾನ ಹತ್ತಿ ಕರಾಚಿಗೆ ಓಡಿದ, ನಾಯಿಗಳ ಸಮೇತ. ಮಗುವನ್ನು ಅರಮನೆಯಲ್ಲಿ ಮರೆತು ಬಂದೆ, ತರುತ್ತೇನೆ ಇರಿ ಅಂತ ಒಬ್ಬ ಬೇಗಂ ಹಿಂದಕ್ಕೆ ಓಡಿದಳಂತೆ. ಅವಳು ಬರುವಷ್ಟರಲ್ಲಿ ಆ ಜಾಗಕ್ಕೆ ನಾಯಿಗಳನ್ನು ತುಂಬಿ ವಿಮಾನ ಹಾರಿಹೋಗಿತ್ತಂತೆ. ಈ "ಅಂತೆ"ಗಳನ್ನು ಎಷ್ಟು ನಂಬಬೇಕೋ ನಿಮಗೆ ಬಿಟ್ಟದ್ದು. ನವಾಬನನ್ನು ಆಡಿಕೊಳ್ಳುವವರಿಗೆ ಇದು ಹೇಳಿಮಾಡಿಸಿದ ಕಥೆ. ಸತ್ಯ ಏನೆಂದರೆ 1948ರ ಫೆಬ್ರವರಿಯಲ್ಲಿ ಜನಮತಗಣನೆ ನಡೆದಾಗ 1 ಲಕ್ಷ 90 ಸಾವಿರಕ್ಕೂ ಹೆಚ್ಚು ಮತಗಳು ಭಾರತಕ್ಕೆ ಬಿದ್ದವು, ಪಾಕಿಸ್ತಾನಕ್ಕೆ ಬರೀ 91. ಇನ್ನೊಂದು ಸತ್ಯವನ್ನೂ ಹೇಳಬೇಕು. ಇವತ್ತು ಗಿರ್ ಕಾಡಿನಲ್ಲಿ ಸಿಂಹ ಉಳಿದಿದ್ದರೆ ಅದರಲ್ಲಿ ಜುನಾಗಢದ ನವಾಬರ ಪಾಲು ದೊಡ್ಡದು. ಈ ನವಾಬನೂ ಸಿಂಹಗಳನ್ನು ಕಾಯ್ದವನೇ.

ಇವೆಲ್ಲ ರಾಜರ ಕಥೆ ಆಯಿತು. ನನ್ನನ್ನು ನಿಜವಾಗಿ ಕಾಡುವುದು ಸಾಮಾನ್ಯ ಜನರ ಕಥೆ.

1939ರ ಸೆಪ್ಟೆಂಬರ್ 3. ಜರ್ಮನಿಯ ಮೇಲೆ ಬ್ರಿಟನ್ ಯುದ್ಧ ಸಾರಿತು. ಆಕಾಶದಿಂದ ಬಾಂಬು ಬೀಳುತ್ತೆ, ವಿಷಾನಿಲ ಬಿಡ್ತಾರೆ ಅನ್ನುವ ಭಯ ಮನೆಮನೆಯಲ್ಲಿ. ಲಂಡನ್ನಿನಂಥ ಊರುಗಳಿಂದ ಮಕ್ಕಳನ್ನು, ಎದೆಯ ಮೇಲೆ ಹೆಸರಿನ ಚೀಟಿ ಕಟ್ಟಿ, ರೈಲು ಹತ್ತಿಸಿ ಹಳ್ಳಿಗಳಿಗೆ ಕಳಿಸಿದರು. ಕೆಲವೇ ದಿನಗಳಲ್ಲಿ ಹೀಗೆ ಊರು ಬಿಟ್ಟವರು ತಾಯಂದಿರು, ಮಕ್ಕಳು ಸೇರಿ ಸುಮಾರು 15 ಲಕ್ಷ. ಗುರುತು ಪರಿಚಯ ಇಲ್ಲದ ಮನೆಗಳಿಗೆ, ಕರುಳು ಕಿತ್ತುಬಂದರೂ ಕಳಿಸಿದರು. ಬದುಕಲಿ ಅಂತ.

ಮನೆಯ ನಾಯಿ, ಬೆಕ್ಕು? ಪ್ರಾಣಿಗಳಿಗೆಂದೇ ರಚಿಸಿದ್ದ ಒಂದು ಸಮಿತಿ ಸಾಕುವವರಿಗೆ ಸಲಹೆಯ ಕಿರುಹೊತ್ತಗೆ ಹಂಚಿತ್ತು. ಸಾಧ್ಯವಾದರೆ ಹಳ್ಳಿಗೆ ಸಾಗಿಸಿ, ಯಾರೂ ನೋಡಿಕೊಳ್ಳುವವರು ಸಿಗದಿದ್ದರೆ ಕೊಲ್ಲಿಸುವುದೇ ದಯೆ ಅಂತ ಅದರಲ್ಲಿತ್ತು. ಪ್ರಾಣಿ ಕೊಲ್ಲುವ ಪಿಸ್ತೂಲಿನ ಜಾಹೀರಾತೂ ಅದರಲ್ಲೇ ಇತ್ತು! ಗಮನಿಸಿ, ಇದು ಸಲಹೆ. ಕೊಲ್ಲಲೇಬೇಕು ಅಂತ ಸರ್ಕಾರದ ಆದೇಶ ಇರಲಿಲ್ಲ. ಬಾಂಬು ಒಂದೂ ಬಿದ್ದಿರಲಿಲ್ಲ. ಆದರೂ ಪ್ರಾಣಿ ಆಸ್ಪತ್ರೆಗಳ ಮುಂದೆ ಸಾಲು ನಿಂತಿತು. ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಬೆಕ್ಕು. ಹಗ್ಗದಲ್ಲಿ ಬಾಲ ಅಲ್ಲಾಡಿಸುವ ನಾಯಿ. ಕೊಲ್ಲಲು ಬಳಸುವ ಕ್ಲೋರೋಫಾರ್ಮ್ ಕೂಡ ಮುಗಿದುಹೋಯಿತು. ಇದರ ಬಗ್ಗೆ ಇಡೀ ಪುಸ್ತಕ ಬರೆದ ಇತಿಹಾಸಕಾರ್ತಿ ಹಿಲ್ಡಾ ಕೀನ್ ಹೇಳುವ ಅಂಕಿ: ಮೊದಲ ವಾರದಲ್ಲಿ, ಲಂಡನ್ ಒಂದರಲ್ಲೇ, ಸುಮಾರು 4 ಲಕ್ಷ ನಾಯಿ ಬೆಕ್ಕುಗಳು.

ಲಂಡನ್ ಮೇಲೆ ದೊಡ್ಡ ಬಾಂಬು ದಾಳಿ ಶುರುವಾಗಿದ್ದು ಯಾವಾಗ ಗೊತ್ತಾ? 1940ರ ಸೆಪ್ಟೆಂಬರ್ 7. ಪೂರಾ ಒಂದು ವರ್ಷದ ನಂತರ.

ಆ ಜನ ಕಟುಕರೇನೂ ಅಲ್ಲ. ನಾಯಿ ಬೆಕ್ಕನ್ನು ಸೋಫಾ ಮೇಲೆ ಮಲಗಿಸಿಕೊಳ್ಳುತ್ತಿದ್ದವರು, ಮಗು, ಕಂದ ಅಂತ ಮುದ್ದಿಸುತ್ತಿದ್ದವರೇ. ಸಾರ್ವಜನಿಕ ಬಂಕರಿನೊಳಗೆ ಪ್ರಾಣಿಗಳನ್ನು ಬಿಡಲ್ಲ, ಪಡಿತರ ಬಂದರೆ ಇವಕ್ಕೆ ಏನು ಹಾಕೋದು, ಬಾಂಬಿಗೆ ಬೆದರಿ ಬೀದಿಯಲ್ಲಿ ನರಳಿ ಸಾಯೋದಕ್ಕಿಂತ ಇದೇ ವಾಸಿ ಅಂತ ಯೋಚಿಸಿದರು. ಬಹಳ ಜನ ಆಮೇಲೆ ಕೊರಗಿದರು. ಅವರ ಕಷ್ಟ ನನಗೆ ಅರ್ಥವಾಗುತ್ತೆ. ಆದರೂ ನೇರವಾಗಿ ಹೇಳ್ತೀನಿ: ಮಕ್ಕಳಿಗೆ ಸಿಕ್ಕಿದ್ದು ರೈಲು ಟಿಕೆಟ್ಟು, "ಮಕ್ಕಳಂತೆ" ಇದ್ದವಕ್ಕೆ ಸಿಕ್ಕಿದ್ದು ಕ್ಲೋರೋಫಾರ್ಮ್. ಆ "ಅಂತೆ" ಅನ್ನುವ ಪದದ ತೂಕ ಎಷ್ಟು ಅಂತ ಆ ವಾರ ಗೊತ್ತಾಯಿತು.

ಎಲ್ಲರೂ ಹಾಗೆ ಮಾಡಲಿಲ್ಲ ಅನ್ನುವುದೂ ಅಷ್ಟೇ ನಿಜ. ಲಂಡನ್ನಿನ ಬ್ಯಾಟರ್ಸಿ ನಾಯಿಧಾಮ ಬಾಗಿಲು ಮುಚ್ಚಲಿಲ್ಲ. ಬೆರಳೆಣಿಕೆಯ ಸಿಬ್ಬಂದಿ ಇಟ್ಟುಕೊಂಡು ಯುದ್ಧ ಮುಗಿಯುವವರೆಗೆ 1 ಲಕ್ಷ 45 ಸಾವಿರ ನಾಯಿಗಳನ್ನು ನೋಡಿಕೊಂಡಿತು.

ಕುದುರೆಗಳ ಕಥೆ ಇನ್ನೂ ಉದ್ದ. ಮೊದಲ ಮಹಾಯುದ್ಧಕ್ಕೆ ಆಸ್ಟ್ರೇಲಿಯಾದಿಂದ ಹಡಗು ಹತ್ತಿದ ಕುದುರೆಗಳು 1 ಲಕ್ಷ 30 ಸಾವಿರಕ್ಕೂ ಹೆಚ್ಚು. ವಾಪಸ್ಸು ಮನೆಗೆ ಹೋಗಿದ್ದು ಒಂದೇ ಒಂದು, ಗ್ಯಾಲಿಪೊಲಿಯಲ್ಲಿ ಗಾಯಗೊಂಡು ಸತ್ತ ಜನರಲ್ ಬ್ರಿಡ್ಜಸ್ ಅವರ ಸ್ಯಾಂಡಿ. ಮರುಭೂಮಿಯಲ್ಲಿ ತನ್ನ ನೀರನ್ನು ಕುದುರೆಗೆ ಕುಡಿಸಿದ ಸವಾರನಿಗೂ ಅದನ್ನು ಕರೆದೊಯ್ಯುವ ಹಕ್ಕಿರಲಿಲ್ಲ. ಅದು ಸೈನ್ಯದ ಆಸ್ತಿ, ಸಾಗಣೆ ದುಬಾರಿ. ಗಟ್ಟಿಮುಟ್ಟಾದವು ಸೈನ್ಯದಲ್ಲೇ ಉಳಿದವು, ಕೆಲವು ಭಾರತಕ್ಕೂ ಬಂದವು. ಮುದಿಯಾದವನ್ನು ಗುಂಡಿಟ್ಟು ಕೊಂದರು. ಈಜಿಪ್ಟಿನಲ್ಲಿ ಬ್ರಿಟಿಷ್ ಸೈನ್ಯ ಸಾವಿರಾರು ಕುದುರೆಗಳನ್ನು ಅಲ್ಲಿಯ ಮಾರುಕಟ್ಟೆಗೆ ಮಾರಿತು.

ಇದೇ ರಣರಂಗದಲ್ಲಿ ನಮ್ಮವರೂ ಇದ್ದರು. ಮೈಸೂರು ಲ್ಯಾನ್ಸರ್ಸ್, ಜೋಧಪುರದವರ ಜೊತೆ ಸೇರಿ, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಕುದುರೆ ಮೇಲೆ ನುಗ್ಗಿ ಗೆದ್ದವರು. ಎದುರಿಗೆ ಮೆಷಿನ್ ಗನ್, ಕೈಯಲ್ಲಿ ಭರ್ಜಿ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂವರು ಸೈನಿಕರಲ್ಲಿ ಒಬ್ಬ ನಮ್ಮ ಮೈಸೂರಿನವನು. ಅಲ್ಲಿ ಸವಾರರಿದ್ದಾರೆ, ಕುದುರೆ ಇಲ್ಲ.

1930ರಲ್ಲಿ ಡೊರೊಥಿ ಬ್ರೂಕ್ ಎಂಬ ಇಂಗ್ಲಿಷ್ ಹೆಣ್ಣುಮಗಳು, ಸೇನಾಧಿಕಾರಿಯ ಹೆಂಡತಿ, ಕೈರೋಗೆ ಬಂದರು. ಬೀದಿಯಲ್ಲಿ ಮೂಳೆ ಬಿಟ್ಟುಕೊಂಡ ಗಾಡಿ ಕುದುರೆಗಳ ಮೈಮೇಲೆ ಸೈನ್ಯದ ಮುದ್ರೆ ಕಂಡಿತು. ಯುದ್ಧ ಮುಗಿದು ಹನ್ನೆರಡು ವರ್ಷ ಆಗಿತ್ತು, ಅವು ಇನ್ನೂ ಕಲ್ಲಿನ ಗಾಡಿ ಎಳೆಯುತ್ತಿದ್ದವು. 1931ರಲ್ಲಿ ಲಂಡನ್ನಿನ ಮಾರ್ನಿಂಗ್ ಪೋಸ್ಟ್ ಪತ್ರಿಕೆಗೆ ಪತ್ರ ಬರೆದರು. ಓದುಗರು ದುಡ್ಡು ಕಳಿಸಿದರು. ಆ ದುಡ್ಡಲ್ಲಿ ಕೆಲವೇ ವರ್ಷಗಳಲ್ಲಿ ಸುಮಾರು 5,000 ಕುದುರೆಗಳನ್ನು ಕೊಂಡರು. ಹೆಚ್ಚಿನವು ಉಳಿಯುವ ಸ್ಥಿತಿಯಲ್ಲಿರಲಿಲ್ಲ. ಅವಕ್ಕೆ ಹೊಟ್ಟೆತುಂಬ ಮೇವು, ಮಲಗಲು ಮೆತ್ತನೆಯ ಹುಲ್ಲು ಕೊಟ್ಟು ಆಮೇಲೆ ನೋವಿಲ್ಲದ ಸಾವು ಕೊಟ್ಟರು. 1934ರಲ್ಲಿ ಅಲ್ಲೇ ಆಸ್ಪತ್ರೆ ತೆರೆದರು. ಆಕೆ ಶುರುಮಾಡಿದ ಸಂಸ್ಥೆ ಇವತ್ತು ನಮ್ಮ ದೇಶದಲ್ಲೂ ಕೆಲಸ ಮಾಡುತ್ತೆ, ಇಟ್ಟಿಗೆ ಗೂಡುಗಳಲ್ಲಿ ದುಡಿಯುವ ಕುದುರೆ, ಕತ್ತೆಗಳ ನಡುವೆ. ಗಾಡಿ ಓಡಿಸುವ ಬಡವನನ್ನು ಬೈದುಕೊಂಡು ಕೂರಲಿಲ್ಲ ಆಕೆ, ದುಡ್ಡು ಕೊಟ್ಟು ಕುದುರೆ ಕೊಂಡರು. ಆ ಒಂದು ಕಾರಣಕ್ಕೆ ನನಗೆ ಆಕೆ ಬಹಳ ಇಷ್ಟ.

ಫೋನ್ ಮಾಡಿ ಬೈಯುವವರಿಗೆ ನಾನು ಹೇಳೋದು ಇಷ್ಟು. ಪಕ್ಕದ ಮನೆಯವರು ನಾಯಿಗೆ ಸ್ವೆಟರ್ ಹಾಕಿದರೆ ನಮ್ಮ ಗಂಟೇನೂ ಹೋಗಲ್ಲ. ಸಂಕ್ರಾಂತಿಗೆ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಪೊಂಗಲ್ಲು ತಿನ್ನಿಸಿ ಕಿಚ್ಚು ಹಾಯಿಸುವವರ ಮಕ್ಕಳು ನಾವು. ಮಗ ಅನ್ನುವವರಿಗೆ ಮಾತ್ರ ನನ್ನದೊಂದು ಪ್ರಶ್ನೆ ಇದೆ. ಮನೆ ಬದಲಾಯಿಸಿದಾಗ, ಮಾಲೀಕ ನಾಯಿ ಬೇಡ ಅಂದಾಗ, ನಾಯಿಗೆ ವಯಸ್ಸಾಗಿ ಕಣ್ಣು ಹೋದಾಗ ಆ ಮಗ ಎಲ್ಲಿರ್ತಾನೆ? 2020ರ ಲಾಕ್‌ಡೌನ್ ಶುರುವಿನಲ್ಲಿ ನಾಯಿಯಿಂದ ಕೊರೊನಾ ಬರುತ್ತೆ ಅಂತ ಯಾರೋ ಗಾಳಿಸುದ್ದಿ ಹಬ್ಬಿಸಿದಾಗ ಕೊರಳಪಟ್ಟಿ ಸಮೇತ ಬೀದಿಗೆ ಬಿದ್ದ ಜಾತಿನಾಯಿಗಳ ಸುದ್ದಿಯನ್ನು ನಾವು ಓದಿದ್ದೀವಿ. ಅವಕ್ಕೂ ಮುದ್ದಿನ ಹೆಸರಿತ್ತು.

ಹಾಗೆ ಬಿಟ್ಟುಹೋಗುವುದು ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಅದನ್ನು ಸ್ಪಷ್ಟವಾಗಿ ಹೇಳುತ್ತೆ: ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟುಹೋಗಬಾರದು. ಮೊದಲ ಸಲದ ದಂಡ ಎಷ್ಟು ಅಂತ ಕೇಳಿದರೆ ನಗಬೇಡಿ. ಕಮ್ಮಿ ಅಂದರೆ 10 ರೂಪಾಯಿ, ಜಾಸ್ತಿ ಅಂದರೆ 50. ಬೆಂಗಳೂರಿನಲ್ಲಿ ಆಟೋದ ಎರಡು ಕಿಲೋಮೀಟರಿಗೂ ಆ 10 ರೂಪಾಯಿ ಸಾಲಲ್ಲ. ಕಾಳಿಯ ಕಲ್ಲಿಗೆ ಬಿಟ್ಟಿದ್ದು ಎರಡು ಖಂಡುಗ ಗದ್ದೆ.

ಆ ಕಲ್ಲು ಈಗ ಆತಕೂರಿನಲ್ಲಿಲ್ಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಕಬ್ಬನ್ ಪಾರ್ಕಿಗೆ ನಾಯಿ ಕರೆದುಕೊಂಡು ವಾಕಿಂಗ್ ಬರುವವರಿಗೆ ಅದು ನಾಲ್ಕು ಹೆಜ್ಜೆಯ ದೂರ. ಚಲ್ಲೇಶ್ವರದ ಗುಡಿ ಮದ್ದೂರು ತಾಲ್ಲೂಕಿನ ಆತಕೂರಿನಲ್ಲೇ ಇದೆ.