ಕೋಣನ ಕತೆಯನ್ನು ಹೇಳುವವರಿಗೆ

ಮಾರಿಯ ಕತೆ ಕೇಳದ ಕೇರಿ ನಮ್ಮ ಸೀಮೆಯಲ್ಲಿಲ್ಲ. ಹೊಲೆಯರ ಹುಡುಗನೊಬ್ಬ ಜಾತಿ ಮರೆಸಿ ವೇದ ಕಲಿತ. ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದ. ಮಕ್ಕಳಾದವು. ಒಂದು ದಿವಸ ಅವನ ಹೆತ್ತವ್ವ ಮಗನನ್ನು ನೋಡಲು ಬಂದಳು. ಸೊಸೆ ಸಿಹಿ ಮಾಡಿ ಬಡಿಸಿದಳು. ಮುದುಕಿ ಬಾಯಿಗಿಟ್ಟುಕೊಂಡು, ‘ಅಯ್ಯ, ಕೋಣನ ನಾಲಿಗೆ ಇದ್ದಂಗೈತಲ್ಲ’ ಅಂದುಬಿಟ್ಟಳು. ಜಾತಿ ಬಯಲಾಯಿತು. ಹೆಂಡತಿ ಉರಿದು ಮಾರಿಯಾದಳು. ಮಕ್ಕಳು ಕುರಿಮರಿಗಳಾದರು, ಗಂಡ ಕೋಣನಾದ. ಅದಕ್ಕೇ ಜಾತ್ರೆಗೊಂದು ಕೋಣ.

ಇದರ ಪಾಠಗಳು ಊರಿಗೊಂದು. ಮದ್ರಾಸಿನ ಬಿಷಪ್ ಆಗಿದ್ದ ಹೆನ್ರಿ ವೈಟ್‌ಹೆಡ್ ದಕ್ಷಿಣದ ಗ್ರಾಮದೇವತೆಗಳ ಬಗ್ಗೆ 1916ರಲ್ಲಿ ತಂದ ಪುಸ್ತಕದಲ್ಲೂ ಇಂಥದೇ ಕತೆಯಿದೆ. ಕಡಿದ ಕೋಣನ ಮುಂಗಾಲನ್ನು ಅದರ ಬಾಯಿಗೇ ಕಚ್ಚಿಸಿ, ತಲೆಯ ಮೇಲೆ ದೀಪ ಹಚ್ಚಿಡುವ ಪದ್ಧತಿಯನ್ನೂ ಅವನು ಬರೆದಿದ್ದಾನೆ. ವೇದ ಹೇಳಿದ ಬಾಯಿಗೆ ಅದರ ಕಾಲನ್ನೇ ತುರುಕುವುದು! ಇದನ್ನು ಬರೀ ಆಚರಣೆ ಅಂತ ನಾವು ಓದಿ ಮುಗಿಸಬೇಕೋ?

ಕಡಿಯುವವರು ಯಾರು? ತಲೆ ಹೊರುವವರು ಯಾರು? ರಾತ್ರಿ ಊರ ಗಡಿಗೆ ರಕ್ತದನ್ನದ ಚರಗ ಚೆಲ್ಲಿ ಬರುವವರು ಯಾರು? ಬಹಳ ಕಡೆ ನಮ್ಮವರೇ. ಅಪರಾಧಿಯೂ ನಮ್ಮವನೇ, ಕಟುಕನೂ ನಮ್ಮವನೇ. ನಡುವೆ ಊರು ಕೈ ತೊಳೆದುಕೊಂಡು ನಿಂತಿರುತ್ತದೆ. ಒಂದು ಕತೆಯಿಂದ ಇಷ್ಟೊಂದು ಕೆಲಸ ತೆಗೆದವರ ಜಾಣತನಕ್ಕೆ ಭೇಷ್ ಅನ್ನಬೇಕು.

ಗಮನಿಸಿ, ಇಲ್ಲಿ ಜಾತಿ ಬಯಲಾಗುವುದು ಬಣ್ಣದಿಂದಲ್ಲ, ವಿದ್ಯೆಯ ಕೊರತೆಯಿಂದಲ್ಲ. ಅವನು ವೇದದಲ್ಲಿ ಎಲ್ಲೂ ತಪ್ಪಲಿಲ್ಲ. ಸಿಕ್ಕಿಬಿದ್ದದ್ದು ತಾಯಿಯ ನಾಲಿಗೆಯ ರುಚಿಯಿಂದ. ಅಂಬೇಡ್ಕರ್ 1948ರಲ್ಲಿ ಅಸ್ಪೃಶ್ಯರ ಮೂಲ ಹುಡುಕುತ್ತ ಬರೆದ ಪುಸ್ತಕದಲ್ಲಿ, ಬೌದ್ಧರಾಗಿ ಉಳಿದು ಗೋಮಾಂಸ ಬಿಡದ ಜನರನ್ನು ಊರಾಚೆಯೇ ಉಳಿಸಿ ಮುಟ್ಟದವರನ್ನಾಗಿ ಮಾಡಲಾಯಿತು ಅಂತ ವಾದಿಸಿದರು. ಅವರು ಚರಿತ್ರೆಯಲ್ಲಿ ಹುಡುಕಿದ್ದನ್ನು ನಮ್ಮ ಜಾತ್ರೆಯ ಕತೆ ಒಂದು ತುತ್ತಿನಲ್ಲಿ ಹೇಳಿಬಿಡುತ್ತದೆ. ಹೇಳುವವನು ಆ ತುತ್ತಿನ ಹತ್ತಿರ ನಿಲ್ಲಬೇಕು. ನಿಲ್ಲುವುದಿಲ್ಲ, ನಕ್ಕು ಮುಂದೆ ಹೋಗುತ್ತಾನೆ.

ಈ ಕತೆಯನ್ನು ಸುಟ್ಟುಹಾಕಿ ಅನ್ನುವ ಗೆಳೆಯರಿದ್ದಾರೆ. ಅವರ ಸಿಟ್ಟು ನಮ್ಮದೂ ಹೌದು. ಆದರೆ ಸುಟ್ಟರೆ ಸಾಕ್ಷಿಯೂ ಸುಡುತ್ತದೆ. ಹೊಲೆಯರ ಹುಡುಗ ಓದಿದರೆ ಯಾರಿಗೂ ಗುರುತು ಸಿಗದ ಹಾಗೆ ಓದಬಲ್ಲ ಅನ್ನುವ ಭಯವನ್ನು ಊರು ತನ್ನ ಬಾಯಾರೆ ಒಪ್ಪಿಕೊಂಡಿರುವುದು ಈ ಕತೆಯಲ್ಲೇ.

ಇನ್ನೊಂದು ಮಾತು. ಜಾತ್ರೆಯಲ್ಲಿ ಆಸಾದಿಯೂ ಇರುತ್ತಿದ್ದ. 19ನೇ ಶತಮಾನದಲ್ಲಿ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ ಬರೆದಿಟ್ಟ ದ್ಯಾಮವ್ವನ ಜಾತ್ರೆಯ ವರ್ಣನೆಯಲ್ಲಿ ಪೋತರಾಜ, ಆಸಾದಿ, ರಾಣಿಗ್ಯ ಎಲ್ಲರೂ ಬರುತ್ತಾರೆ. ವರ್ಷವೆಲ್ಲ ಬಗ್ಗಿ ನಡೆದವರು ಆ ದಿನಗಳಲ್ಲಿ ದೇವಿಯನ್ನೂ ಬಿಡದೆ, ಊರ ಯಜಮಾನರನ್ನೂ ಬಿಡದೆ ಬೈಯುತ್ತಿದ್ದರು. ಶಾಲೆಯಲ್ಲಿ, ಭಾಷಣದಲ್ಲಿ ಈ ಕತೆ ಹೇಳುವಾಗ ಬೈಗುಳ ಅಶ್ಲೀಲವಾಗಿಬಿಡುತ್ತದೆ, ಕೋಣನ ಶಿಕ್ಷೆ ಮಾತ್ರ ಸಂಸ್ಕೃತಿಯಾಗಿ ಉಳಿಯುತ್ತದೆ. ಬೈಗುಳ ತೆಗೆದ ಕತೆ ಅರ್ಧ ಕತೆಯಲ್ಲ, ಬೇರೆಯೇ ಕತೆ.

ಪ್ರಾಣಿಬಲಿಗೆ 1959ರಲ್ಲಿ ಕಾಯ್ದೆ ಬಂತು. ಎಷ್ಟೋ ಕಡೆ ಕೋಣನ ಬದಲು ಕುಂಬಳಕಾಯಿ ಒಡೆಯುತ್ತಾರೆ. ಕತೆಗೆ ಯಾವ ಕಾಯ್ದೆಯೂ ಇಲ್ಲ. ಜಾತಿ ಮೀರಿ ಮದುವೆಯಾದ ಹುಡುಗ ಹುಡುಗಿಯರನ್ನು ಹೆತ್ತವರೇ ಕೊಂದ ಸುದ್ದಿ ಇವತ್ತಿಗೂ ಪೇಪರಿನಲ್ಲಿ ಬರುತ್ತಿದೆ. ಕೊಂದವರಲ್ಲಿ ಎಷ್ಟು ಜನ ಈ ಕತೆ ಕೇಳಿ ಬೆಳೆದವರೋ.

ಅದಕ್ಕೇ ಹಳ್ಳಿಯ ಮೇಷ್ಟ್ರುಗಳಿಗೆ ಹೇಳುವುದಿದೆ. ನಿಮ್ಮ ಮುಂದೆ ಕೇರಿಯ ಮಗುವೂ ಊರಿನ ಮಗುವೂ ಒಂದೇ ಚಾಪೆಯ ಮೇಲೆ ಕೂತಿರುತ್ತವೆ. ಮುದುಕಿಯ ಮಾತಿಗೆ ಊರಿನ ಮಗು ನಕ್ಕಾಗ ಕೇರಿಯ ಮಗು ತಲೆ ತಗ್ಗಿಸುತ್ತದೆ. ಆ ತಲೆಯನ್ನು ನೋಡಿ ಮುಂದಿನ ಮಾತಾಡಿ. ಹುಡುಗನ ತಪ್ಪೇನು ಅಂತ ಕೇಳಿ, ಉತ್ತರ ಬರುವವರೆಗೂ ಕಾಯಿರಿ. ಆ ಹೆಂಗಸಿನ ಸಿಟ್ಟನ್ನೂ ಬಿಡಬೇಡಿ. ಅವಳಿಗೆ ಮೋಸವಾದದ್ದು ನಿಜ. ಆದರೆ ಗಂಡ ಸುಳ್ಳು ಹೇಳಿದ್ದಕ್ಕೆ ಬಂದ ಸಿಟ್ಟೋ, ಗಂಡ ಹೊಲೆಯ ಅನ್ನುವುದಕ್ಕೆ ಬಂದ ಸಿಟ್ಟೋ? ಎರಡೂ ಒಂದೇ ಅಲ್ಲ. ಅವಳೊಳಗಿಂದ ಉರಿದದ್ದು ಅವಳದೋ, ಅವಳಪ್ಪನದೋ?

ಸಂಗ್ರಹ ಮಾಡುವ ವಿದ್ಯಾರ್ಥಿಗಳೂ ಅಷ್ಟೇ. ಆಸಾದಿಯ ಒಪ್ಪಿಗೆ ಕೇಳಿ, ಅವನ ‘ಐತೆ’ಯನ್ನು ‘ಇದೆ’ ಅಂತ ತಿದ್ದಬೇಡಿ, ಪುಸ್ತಕದಲ್ಲಿ ನಿಮ್ಮ ಹೆಸರಿಗಿಂತ ಮೊದಲು ಅವನ ಹೆಸರು ಹಾಕಿ. ಜೊತೆಗೆ ಒಂದು ವಿಷಯ ಕೇಳಿಕೊಂಡು ಬನ್ನಿ. ಮಗ ಕೋಣನಾದ, ಮೊಮ್ಮಕ್ಕಳು ಕುರಿಮರಿಗಳಾದವು, ಸೊಸೆ ದೇವಿಯಾದಳು. ಮಗನ ಮುಖ ನೋಡಲು ಬಂದಿದ್ದ ಆ ಮುದುಕಿ ಆಮೇಲೆ ಎಲ್ಲಿಗೆ ಹೋದಳು? ನಾವು ಕೇಳಿದ ಯಾವ ಪಾಠವೂ ಅದನ್ನು ಹೇಳಿಲ್ಲ.