ಆಯ್ದ ಹಾಡುಗಳು

ನನ್ನ ತವರು ಅಜ್ಜಂಪುರ, ಸೇರಿದ ಮನೆ ತರೀಕೆರೆ, ಅಕ್ಕನನ್ನು ಕೊಟ್ಟದ್ದು ಕಡೂರಿಗೆ. ಬೀರೂರು ಜಂಕ್ಷನ್ನಿನಲ್ಲಿ ರೈಲುಹಾದಿ ಕವಲೊಡೆಯುವಂತೆ ನಾವೂ ಕವಲೊಡೆದಿದ್ದೆವು. ಗೌರಿಹಬ್ಬಕ್ಕೆ ಅಮ್ಮನ ಮನೆಯಲ್ಲಿ ಸೇರಿದರೆ ಮಾತಿಗಿಂತ ಹಾಡೇ ಹೆಚ್ಚು.

1986ರ ಹಬ್ಬಕ್ಕೆ ಭಾವ ಟೇಪ್‌ರೆಕಾರ್ಡರ್ ತಂದರು. ಫಿಲಿಪ್ಸ್ ಕಂಪನಿ ಪುಟ್ಟ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ನಮ್ಮ ನಡುಮನೆಗೆ ಬರಲು ಅದಕ್ಕೆ ಇಪ್ಪತ್ತಮೂರು ವರ್ಷ ಬೇಕಾಯಿತು! ಆಗ ಪೇಟೆಗಳಲ್ಲಿ ಹಾಡಿನ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವ ಅಂಗಡಿಗಳಿದ್ದವು, ನೀವೂ ತುಂಬಿಸಿರುತ್ತೀರಿ. ಒಂದು ಬದಿಗೆ 30 ನಿಮಿಷ. ಎರಡೂ ಬದಿ ಸೇರಿ ಹದಿಮೂರು ಹಾಡು ಹಿಡಿದರೆ ಹೆಚ್ಚು.

ಹದಿಮೂರನ್ನು ಆಯುವುದರಲ್ಲಿ ಅಕ್ಕನಿಗೂ ನನಗೂ ಜಗಳವೇ ಆಯಿತು. ಅವಳಿಗೆ ಎಸ್. ಜಾನಕಿಯವರ ಸಿನಿಮಾ ಹಾಡುಗಳು. ನನಗೆ ಭಾವಗೀತೆ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ 1978ರಲ್ಲೇ ಬಂದಿತ್ತು. 'ಕಾಡು ಕುದುರೆ'ಗೆ ಹಾಡಿ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣನವರಂತೂ ನಮ್ಮ ನೆರೆಯೂರಿನವರು, ಬಿಡಲಾದೀತೇ?

ಒಲೆಯ ಮುಂದಿದ್ದ ಅಮ್ಮ ಮೆಲ್ಲಗೆ, "ನಾನು ಬೀಸುವಾಗ ಹೇಳ್ತಿದ್ದೆನಲ್ಲ, ಅದನ್ನೂ ಒಂದು ಹಾಕಿಸ್ರೇ" ಎಂದಳು. ನಾವಿಬ್ಬರೂ ನಕ್ಕೆವು. "ಅದರ ಕ್ಯಾಸೆಟ್ಟೇ ಬಂದಿಲ್ಲ, ಅಂಗಡಿಯವನು ಎಲ್ಲಿಂದ ತರಬೇಕಮ್ಮ?" ಅಮ್ಮ ಸಾರಿಗೆ ಒಗ್ಗರಣೆ ಹಾಕಲು ಎದ್ದಳು.

ಕಡೂರಿನಿಂದ ಕ್ಯಾಸೆಟ್ ಬಂತು. ಎರಡನೆಯ ಬದಿಯ ಕೊನೆಗೆ ನಾಲ್ಕು ನಿಮಿಷ ಖಾಲಿ ಉಳಿದಿತ್ತು. ರೆಕಾರ್ಡರಿನಲ್ಲಿ ಕೆಂಪು ಗುಂಡಿಯಿತ್ತು, ಮೈಕೂ ಇತ್ತು. ಗುಂಡಿ ಒತ್ತಿ ಅಮ್ಮನ ಮುಂದೆ ಇಡಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಮೂರು ವರ್ಷಕ್ಕೆ ಅಮ್ಮ ಹೋದಳು.

ಅಮೆರಿಕದ ಈಗಲ್ಸ್ ಎಂಬ ರಾಕ್ ತಂಡದ ವಿಷಯವನ್ನು ಮಗ ಹೇಳಿದ. ಅವರ ಆಯ್ದ ಹತ್ತು ಹಾಡುಗಳ ತಟ್ಟೆ 1976ರ ಫೆಬ್ರವರಿಯಲ್ಲಿ ಬಂದು ಲಕ್ಷಗಟ್ಟಲೆ ಮಾರಾಟವಾಯಿತು. ಆದರೆ ಆ ತಂಡವೆಂದರೆ ಜನ ಮೊದಲು ನೆನೆಯುವ 'ಹೋಟೆಲ್ ಕ್ಯಾಲಿಫೋರ್ನಿಯಾ' ಅದರಲ್ಲಿಲ್ಲ; ಅದು ಹೊರಬಂದದ್ದು ಆ ವರ್ಷದ ಕೊನೆಗೆ. ಆಯ್ದದ್ದೆಲ್ಲ ಹೀಗೆಯೇ. ಅಷ್ಟು ಹೊತ್ತಿಗೆ ಮುದ್ರಣವಾದದ್ದರಲ್ಲಿ ಮಾತ್ರ ಆಯಬಹುದು. ಅವರ ಹಾಡು ತಡವಾಗಿಯಾದರೂ ಮುದ್ರಣವಾಯಿತು.

ಬಿಜಾಪುರ ಸೀಮೆಯ ಹಲಸಂಗಿ ಗೆಳೆಯರು ಬೀಸುಕಲ್ಲಿನ ಮುಂದೆ ಕೂತ ಹೆಂಗಸರ ಹಾಡುಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಅವರ ಹತ್ತಿರ ಯಂತ್ರವಿರಲಿಲ್ಲ. ಕೇಳುವ ಕಿವಿಯಿತ್ತು, ಅಷ್ಟೆ. ನಮ್ಮ ಮನೆಯಲ್ಲಿ ಯಂತ್ರವಿತ್ತು.

ಕಳೆದ ಗೌರಿಹಬ್ಬದಲ್ಲಿ ಅಕ್ಕನೂ ನಾನೂ ಅಮ್ಮನ ಹಾಡನ್ನು ಕೂಡಿಸಲು ಕೂತೆವು. ನನಗೆ ಎರಡು ಸಾಲು ಬಂತು, ಅವಳಿಗೆ ಮೂರು. ಒಂದು ಸಾಲಿನ ಬಗ್ಗೆ ಮತ್ತೆ ಜಗಳವಾಯಿತು. ಮೊಮ್ಮಗಳು ಮೊಬೈಲ್ ಹಿಡಿದು ಜಗಳಸಮೇತ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಳು. ಅಳಿಸಬೇಡವೆಂದು ಹೇಳಿದ್ದೇನೆ.